ಮಾಜಿ ಸೈನಿಕರ ಆತ್ಮಹತ್ಯೆ ತಡೆ: ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಯಾರ ಕೆಲಸ ಯಾವುದು, ಕೊಂಡಿ ಎಲ್ಲಿ ಕಳಚುತ್ತದೆ?

ಗಂಗಾವತಿ_ಸಂಘ ಕೇಳಿದ್ದು:

ತಾಲ್ಲೂಕಿನ ಮಾಜಿ ಸೈನಿಕರ ಸಂಘದ ಪರವಾಗಿ ಕೇಳುತ್ತಿದ್ದೇವೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ (ಡಿಎಂಎಚ್‌ಪಿ) ಇದೆ, ಟೆಲಿ ಮಾನಸ್ ಸಹಾಯವಾಣಿ ಇದೆ. ಎಲ್ಲವೂ ಇದ್ದರೂ ಒಬ್ಬರ ಸ್ಥಿತಿ ಕೆಟ್ಟಾಗ ಮನೆಯವರು ಮೊದಲು ಯಾರಿಗೆ ಫೋನ್ ಮಾಡಬೇಕು ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಸಂಘದಲ್ಲಿ ನಾಲ್ಕೈದು ಜನ ಸಮಯ ಕೊಡಲು ತಯಾರಿದ್ದಾರೆ, ವೈದ್ಯಕೀಯ ತರಬೇತಿ ಯಾರಿಗೂ ಇಲ್ಲ. ಇವರಿಂದ ಏನು ಮಾಡಿಸಬಹುದು, ಏನು ಮಾಡಿಸಬಾರದು? ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಬಾಯಿಬಿಟ್ಟು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಕೆಲವರ ವಾದ. ಪರವಾನಗಿ ಬಂದೂಕು ಇರುವ ಮನೆಗಳ ಬಗ್ಗೆಯೂ ಹೇಳಿ.

ಡಿಎಂಎಚ್‌ಪಿ_ಬಳ್ಳಾರಿ:

ಮೊದಲು ನೇರವಾಗಿ ಕೇಳುವ ವಿಚಾರ ಮುಗಿಸೋಣ. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಕೇಳಿದ್ದರಿಂದ ಅಪಾಯ ಹೆಚ್ಚಿದ್ದು ಕಂಡಿಲ್ಲ. ಕೆಡುವುದು ಸುತ್ತಿಬಳಸಿ ಕೇಳಿದಾಗ. "ಅಂಥದ್ದೇನೂ ಯೋಚನೆ ಇಲ್ಲ ತಾನೆ?" ಎಂದರೆ "ಇಲ್ಲ" ಎಂಬ ಉತ್ತರವನ್ನು ನೀವೇ ಅವರ ಬಾಯಿಗೆ ಇಟ್ಟಂತೆ. ಆತ್ಮಹತ್ಯೆಯ ಅಪಾಯ ಅಳೆಯುವ ಕೊಲಂಬಿಯಾ ಪ್ರಶ್ನಾವಳಿಯ ಚಿಕ್ಕ ರೂಪದಲ್ಲಿ ಆರೇ ಪ್ರಶ್ನೆಗಳಿವೆ, ಆಸ್ಪತ್ರೆಯ ಹೊರಗಿನವರೂ ಕೇಳಬಹುದು. ಸಾರಾಂಶ ಇಷ್ಟು: ಸತ್ತುಹೋದರೆ ಸಾಕು ಅನಿಸಿದೆಯಾ? ಜೀವ ಕಳೆದುಕೊಳ್ಳಬೇಕು ಎಂಬ ಯೋಚನೆ ಬಂದಿದೆಯಾ? ಎರಡನೆಯದಕ್ಕೆ ಹೌದು ಅಂದರೆ ಮುಂದಿನ ಮೂರು: ಹೇಗೆ ಎಂದು ಯೋಚಿಸಿದ್ದೀರಾ, ಮಾಡೇಬಿಡಬೇಕೆಂಬ ಮನಸ್ಸು ಇದೆಯಾ, ಅದಕ್ಕೆ ಯೋಜನೆ ಹಾಕಲು ಶುರು ಮಾಡಿದ್ದೀರಾ. ಕೊನೆಯದು, ಹಿಂದೆ, ಅದರಲ್ಲೂ ಕಳೆದ ಮೂರು ತಿಂಗಳಲ್ಲಿ, ಪ್ರಯತ್ನವೋ ತಯಾರಿಯೋ ನಡೆದಿದೆಯೇ ಎಂಬುದು. ಇದನ್ನು ಎಲ್ಲರಿಗೂ ಕೇಳಬೇಕು.

ಮನಸ್ಸು, ಯೋಜನೆ, ಇತ್ತೀಚಿನ ಪ್ರಯತ್ನ, ಈ ಮೂರರಲ್ಲಿ ಒಂದಕ್ಕೆ ಹೌದು ಬಂದರೂ ಅವರನ್ನು ಒಬ್ಬರೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಗಂಗಾವತಿಯಿಂದಾದರೆ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗ, ಅಲ್ಲಿಂದ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ರಾಯಚೂರಿನವರಿಗೆ ರಿಮ್ಸ್, ಬಳ್ಳಾರಿಯವರಿಗೆ ಹಿಂದೆ ವಿಮ್ಸ್ ಅನ್ನುತ್ತಿದ್ದ ಬಿಎಂಸಿಆರ್‌ಸಿ. ಮನೋವೈದ್ಯರು ಸಿಗುವವರೆಗೆ ಕಾಯಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 94ರ ಪ್ರಕಾರ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಬರೀ ಯೋಚನೆ ಇದೆ, ಯೋಜನೆ ಇಲ್ಲ ಎನ್ನುವವರನ್ನು ಅದೇ ವಾರ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆತನ್ನಿ. ಇದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುತ್ತದೆ. ಆದರೆ ಮನೋವೈದ್ಯರು ಸರದಿಯ ಮೇಲೆ ಬರುವುದರಿಂದ ಪ್ರತಿ ಮಂಗಳವಾರವೂ ನಿಮ್ಮ ತಾಲ್ಲೂಕಿನಲ್ಲೇ ಇರುವುದಿಲ್ಲ. ತಿಂಗಳ ಸರದಿ ಪಟ್ಟಿಯನ್ನು ಮುಂಚೆಯೇ ಡಿಎಂಎಚ್‌ಪಿ ಕಚೇರಿಯಿಂದ ಪಡೆದು ಸಂಘದ ಗೋಡೆಗೆ ಅಂಟಿಸಿ. ತಪ್ಪು ಮಂಗಳವಾರ ಬಂದು ಡಾಕ್ಟರ್ ಇಲ್ಲ ಅಂತ ವಾಪಸ್ ಹೋದವರು ಮತ್ತೆ ಬರುವುದು ಕಷ್ಟ.

ಈಗ ಯಾರ ಕೆಲಸ ಯಾವುದು ಅಂತ. ಸೈನಿಕ ಕಲ್ಯಾಣ ಇಲಾಖೆ ಕಚೇರಿಯಲ್ಲಿ ಪಟ್ಟಿ ಇದೆ, ಚಿಕಿತ್ಸೆ ಇಲ್ಲ. ಇಸಿಎಚ್‌ಎಸ್ ಖರ್ಚು ನೋಡಿಕೊಳ್ಳುತ್ತದೆ, ಹುಡುಕಿಕೊಂಡು ಬರುವುದಿಲ್ಲ. ಡಿಎಂಎಚ್‌ಪಿಯಲ್ಲಿ ಚಿಕಿತ್ಸೆ ಇದೆ, ಯಾರು ಮಾಜಿ ಸೈನಿಕ ಎಂಬ ಮಾಹಿತಿ ಇಲ್ಲ. ಟೆಲಿ ಮಾನಸ್ 14416 ಹಗಲು ರಾತ್ರಿ, ಕನ್ನಡದಲ್ಲಿ ಸಿಗುತ್ತದೆ. ಆದರೆ ಫೋನ್ ಇಟ್ಟ ಮೇಲೆ ಊರಲ್ಲಿ ಯಾರಾದರೂ ಬಾಗಿಲು ತಟ್ಟಬೇಕಲ್ಲ? ಸಂಘದ ಕೆಲಸ ಅದೇ. ಕೌನ್ಸೆಲಿಂಗ್ ಮಾಡಲು ಹೋಗಬೇಡಿ. ಈ ಕೈಯಿಂದ ಆ ಕೈಗೆ ದಾಟಿಸಿ, ದಾಟಿದರೇ ಎಂದು ಖಾತ್ರಿ ಮಾಡಿಕೊಳ್ಳಿ. ಚೀಟಿ ಬರೆದುಕೊಟ್ಟರೆ ಸಾಲದು, ಜೊತೆಗೆ ಹೋಗಬೇಕು.

ಅಂದಹಾಗೆ, ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಇಲ್ಲಿ ಪ್ರಯೋಗ ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರನ್ನೇ ತಯಾರು ಮಾಡಿತ್ತು. 1996ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹಾಗಾಗಿ "ನಮ್ಮ ಕಡೆ ಇದೆಲ್ಲ ಆಗಲ್ಲ ಸರ್" ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಮಾನ್ವಿ_ಹವಾಲ್ದಾರ್:

ಮೇಲಿನವರು ಹೇಳಿದ್ದು ಸರಿ ಅದ. ಬಂದೂಕಿನ ವಿಷಯ ನಾ ಹೇಳ್ತೀನಿ, ಯಾಕಂದ್ರ ಬ್ಯಾಂಕು, ಎಟಿಎಂ ಕಾವಲಿಗೆ ಹೋಗೋ ನಮ್ಮ ಮಂದಿ ಸ್ವಂತ ಲೈಸೆನ್ಸ್ ತಗೊಂಡಿರ್ತಾರ.

ಚುನಾವಣೆ ಬಂದ್ರ ಎಲ್ಲರೂ ಬಂದೂಕು ಠಾಣೆಗೆ ಕೊಟ್ಟು ರಸೀದಿ ತಗೋತೀವಲ್ರಿ, ಹಂಗೇ ಈಗೂ ಮಾಡಬಹುದು. ಲೈಸೆನ್ಸ್‌ದಾರರೇ ತಮ್ಮ ಕೈಯಿಂದ ಸುರಕ್ಷಿತ ಇಡಾಕ ಠಾಣಿಗೆ, ಇಲ್ಲಾ ಲೈಸೆನ್ಸ್ ಇರೋ ಡೀಲರ್‌ಗೆ ಕೊಡಬೇಕು. ಮನಿ ಮಂದಿ ಗಾಬರಿಯಾಗಿ ತಾವೇ ಎತ್ಕೊಂಡು ಬೈಕ್ ಮ್ಯಾಲೆ ಹೋಗಬಾರದು. ಲೈಸೆನ್ಸ್ ಇಲ್ಲದವರ ಕೈಯಾಗ ಅದು ಆಯುಧ ಕಾಯ್ದೆ ಕೇಸು. ಅವರು ಕೊಡಾಕ ಒಪ್ಪಲಿಲ್ಲ, ಅಪಾಯ ಕಣ್ಣಿಗೆ ಕಾಣ್ತದ ಅಂದ್ರ 112ಕ್ಕ ಫೋನ್ ಮಾಡ್ರಿ, ಬಂದೂಕು ಐತಿ ಅನ್ನೋದನ್ನ ಮೊದಲೇ ಹೇಳ್ರಿ. ಬರೋ ಪೊಲೀಸರ ಸುರಕ್ಷತೆಗೂ ಅದು ಬೇಕು.

ಕೇಳೋ ಧಾಟಿ ಮುಖ್ಯ. "ನಿಮ್ಮ ಮ್ಯಾಲ ನಂಬಿಕಿ ಇಲ್ಲ, ಬಂದೂಕು ಕೊಡ್ರಿ" ಅಂದ್ರ ಇಪ್ಪತ್ತು ವರ್ಷ ಆಯುಧ ಹಿಡಿದವನಿಗೆ ಮರ್ಯಾದಿ ಹೋದಂಗ ಆಗ್ತದ. "ಸಾಹೇಬ್ರ, ಸ್ವಲ್ಪ ದಿನ ಕೋತ್‌ನ್ಯಾಗ ಜಮಾ ಮಾಡೂನು, ಡಾಕ್ಟರು ಹೇಳಿದ ಮ್ಯಾಲ ವಾಪಸ್ ತಗೊಂಡ್ರಾತು" ಅನ್ರಿ. ಪಲ್ಟನ್‌ನ್ಯಾಗ ರಜಾಕ್ಕ ಹೋಗುವಾಗ ಕೋತ್‌ನ್ಯಾಗ, ಅಂದ್ರ ಆಯುಧ ಇಡೋ ಕೋಣ್ಯಾಗ, ಜಮಾ ಮಾಡಿದಂಗ, ಅದರಾಗ ಅವಮಾನ ಇಲ್ಲ.

ಆದ್ರ ನಮ್ಮ ಜಿಲ್ಲೆಗಳಾಗ ಬಂದೂಕಿಗಿಂತ ಬೆಳಿಗೆ ಹೊಡಿಯೋ ಎಣ್ಣಿ ಡಬ್ಬಿ ಚಿಂತಿ ದೊಡ್ಡದು. ಭತ್ತ, ಹತ್ತಿ, ಮೆಣಸಿನಕಾಯಿ ಬೆಳಿಯೋ ಮನಿ, ಹೊಡಿಯೋ ಔಷಧ ಅಟ್ಟದ ಮ್ಯಾಲೋ ದನದ ಕೊಟ್ಟಿಗ್ಯಾಗೋ ಇರ್ತದ. ಮನಿಯಾಗ ಇಡಲೇಬ್ಯಾಡ್ರಿ. ಬೇಕಾದಷ್ಟೇ ತಂದು ಅವತ್ತೇ ಹೊಡೀರಿ, ಉಳಿದಿದ್ದು ಅಂಗಡಿಯವರ ಹತ್ರ ಇಲ್ಲಾ ಬೇರೆಯವರ ಗೋದಾಮಿನಾಗ. ಕೀಲಿ ಪೆಟ್ಟಿಗಿ ಹಂಚೋಣ ಅಂತ ಯಾರಾದ್ರೂ ಸಲಹೆ ಕೊಡ್ತಾರ, ಶ್ರೀಲಂಕಾದಾಗ 180 ಹಳ್ಳಿಗಳಾಗ ಅದನ್ನ ಪರೀಕ್ಷೆ ಮಾಡಿ 2017ರಾಗ ಫಲಿತಾಂಶ ಬಂತು, ಉಪಯೋಗ ಕಾಣಲಿಲ್ಲ. ಅಲ್ಲಿ ಸಾವು ಇಳಿದದ್ದು ಸರ್ಕಾರ ಭಾಳ ವಿಷದ ಔಷಧಗಳನ್ನ ನಿಷೇಧ ಮಾಡಿದ್ದಕ್ಕ. ಪೆಟ್ಟಿಗಿ ರೊಕ್ಕದಾಗ ರೋಗಿ ಜೊತಿ ಹೋಗೋರಿಗೆ ಗಾಡಿ ಬಾಡಿಗಿ ಕೊಡ್ರಿ, ಅದು ಉಪಯೋಗ.

ಇನ್ನೊಂದು ಕುಡಿತ. ಮಿಲಿಟರಿ ಕ್ಯಾಂಟೀನ್‌ನ ಮದ್ಯದ ಕೋಟಾ ತಿಂಗಳಾ ಬರ್ತದ. ಕುಡಿದಾಗ "ಸಾಯ್ತೀನಿ" ಅಂದಿದ್ದನ್ನ ಅಮಲಿನ ಮಾತು ಅಂತ ತಳ್ಳಿಹಾಕಬ್ಯಾಡ್ರಿ, ಅಮಲಿನ್ಯಾಗೇ ಕೈ ತಪ್ಪೋದು. ಹಂಗಂತ ದಿನಾ ಭಾಳ ಕುಡಿಯೋರಿಗೆ ಒಮ್ಮೆಲೇ ಬಿಡಿಸಾಕ ಹೋಗಬ್ಯಾಡ್ರಿ. ಎರಡು ಮೂರು ದಿನದಾಗ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಅದನ್ನ ಆಸ್ಪತ್ರ್ಯಾಗೇ ಮಾಡಬೇಕು.

ಗಂಗಾವತಿ_ಸಂಘ:

ಇಬ್ಬರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಮನೆಯವರು ಖಾಸಗಿ ನರ್ಸಿಂಗ್ ಹೋಮ್‌ಗೆ ಹೋಗಿ "ಹೊಟ್ಟೆನೋವು" ಅಂತ ಬರೆಸುತ್ತಾರೆ. ಮತ್ತೆ ಡಿಸ್ಚಾರ್ಜ್ ಆದ ಮೇಲೆ ಎಷ್ಟು ದಿನಕ್ಕೊಮ್ಮೆ ವಿಚಾರಿಸಬೇಕು?

ತುರ್ತುವಿಭಾಗ_ನರ್ಸ್:

ಹೊಟ್ಟೆನೋವು ಅಂತ ಬರೆಸಿದರೆ ಎರಡು ನಷ್ಟ. ಒಳಗೆ ಏನು ಹೋಗಿದೆ ಎಂದು ಗೊತ್ತಿಲ್ಲದೆ ಡಾಕ್ಟರು ಸರಿಯಾದ ಚಿಕಿತ್ಸೆ ತಡ ಮಾಡುತ್ತಾರೆ. ಜೊತೆಗೆ ದಾಖಲೆಯಲ್ಲಿ ಪ್ರಯತ್ನವೇ ಇಲ್ಲವಾದ್ದರಿಂದ ಮನೋವೈದ್ಯರಿಗೆ ತೋರಿಸದೆ ಡಿಸ್ಚಾರ್ಜ್ ಮಾಡಿಬಿಡುತ್ತಾರೆ.

ಕಾನೂನು ಹೀಗಿದೆ. 2017ರ ಕಾಯ್ದೆಯ ಕಲಂ 115 ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ವಿಚಾರಣೆ, ಶಿಕ್ಷೆ ಇಲ್ಲ. ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ತರಲು ಹಾಗೆ ಮಾಡಿದರೆ ಮಾತ್ರ ಕಲಂ 226 ಬರುತ್ತದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಬರೆಯುತ್ತಾರೆ, ಠಾಣೆಗೆ ತಿಳಿಸುತ್ತಾರೆ, ಪೊಲೀಸರು ಹೇಳಿಕೆ ಪಡೆಯಬಹುದು. ಅದು ಆರೋಪ ಹೊರಿಸಿದಂತಲ್ಲ. ಇದನ್ನು ಮನೆಯವರಿಗೆ ಆಸ್ಪತ್ರೆ ಬಾಗಿಲಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಸಂಘದ ಸಭೆಯಲ್ಲಿ ಮುಂಚೆಯೇ ಹೇಳಿಡಿ.

ಇಸಿಎಚ್‌ಎಸ್ ಬಗ್ಗೆ ಒಂದು ಮಾತು. ತುರ್ತಿನಲ್ಲಿ ರೆಫರಲ್ ಬೇಕಿಲ್ಲ, ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಿಸಿ. ಯೋಜನೆಯ ಪಟ್ಟಿಯಲ್ಲಿಲ್ಲದ ಖಾಸಗಿ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಗಾಬರಿಯಲ್ಲಿ ಮನೆಯವರಿಗೆ ಇದು ನೆನಪಾಗುವುದಿಲ್ಲ, ಆಮೇಲೆ ಬಿಲ್ ವಾಪಸ್ ಬಂದು ಸಾಲವಾಗುತ್ತದೆ, ಆ ಸಾಲವೇ ಮುಂದಿನ ಆತಂಕ. ಕಾರ್ಡ್ ಸಂಖ್ಯೆ, ಪಾಲಿಕ್ಲಿನಿಕ್ ಫೋನ್ ಸಂಘದ ಬಳಿ ಇದ್ದರೆ ಆ ಒಂದು ಸಂದೇಶ ನೀವೇ ಕಳುಹಿಸಬಹುದು. ಹಾಗೆಯೇ ತಿಂಗಳ ಮಾತ್ರೆ ಒಟ್ಟಿಗೇ ಕೊಡುವ ಕಡೆ, ಅಪಾಯವಿರುವವರಿಗೆ ವಾರಕ್ಕಾಗುವಷ್ಟೇ ಕೊಡಿ ಅಂತ ಡಾಕ್ಟರಿಂದ ಬರೆಸಿ, ಇಲ್ಲವೇ ಡಬ್ಬಿ ಮನೆಯವರ ಕೈಯಲ್ಲಿರಲಿ.

ಡಿಎಂಎಚ್‌ಪಿ_ಬಳ್ಳಾರಿ:

ಡಿಸ್ಚಾರ್ಜ್ ನಂತರದ ಪ್ರಶ್ನೆಗೆ. ಮೊದಲ ವಾರ ಎಲ್ಲಕ್ಕಿಂತ ಅಪಾಯದ್ದು, ಮೂರು ತಿಂಗಳವರೆಗೂ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಪ್ರಯೋಗ ನಡೆಸಿತ್ತು, ನಮ್ಮ ದೇಶದಿಂದ ಚೆನ್ನೈ ಅದರಲ್ಲಿತ್ತು, ಫಲಿತಾಂಶ 2008ರಲ್ಲಿ ಬಂತು. ಡಿಸ್ಚಾರ್ಜ್ ಸಮಯಕ್ಕೆ ಒಂದು ಗಂಟೆ ತಿಳಿವಳಿಕೆ, ನಂತರ ಫೋನ್ ಅಥವಾ ಭೇಟಿ ಒಂಬತ್ತು ಸಲ: 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. 18 ತಿಂಗಳಲ್ಲಿ ಆತ್ಮಹತ್ಯೆಯಿಂದ ಸತ್ತವರು ಸಾಮಾನ್ಯ ಆರೈಕೆಯ ಗುಂಪಿನಲ್ಲಿ ನೂರಕ್ಕೆ 2.2, ಈ ಗುಂಪಿನಲ್ಲಿ 0.2. ಇಷ್ಟು ಅಗ್ಗದ ಕೆಲಸಕ್ಕೆ ಇಷ್ಟು ಫಲ ಸಿಗುವುದು ಅಪರೂಪ. ಮೊದಲ ಫೋನ್ ಮಾತ್ರ ನಾನಾದರೆ ಏಳು ದಿನ ಕಾಯದೆ ಎರಡನೇ ದಿನವೇ ಮಾಡಿಸುತ್ತೇನೆ.

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಪ್ರತಿ ವೈದ್ಯಕೀಯ ಕೇಂದ್ರದಲ್ಲೂ ಇದಕ್ಕೆಂದೇ ಸಂಯೋಜಕರು ಇರುತ್ತಾರೆ. ಅಪಾಯದಲ್ಲಿರುವವರ ಕಡತಕ್ಕೆ ಗುರುತು ಹಾಕಿ, ಮೊದಲ 30 ದಿನದಲ್ಲಿ ನಾಲ್ಕು ಭೇಟಿ, 90 ದಿನಕ್ಕೊಮ್ಮೆ ಮರುಪರಿಶೀಲನೆ. ಅವರ ಹಣ ನಮ್ಮಲ್ಲಿಲ್ಲ. ಆದರೆ ಹೆಸರು ಹಿಡಿದು ಹೇಳಬಹುದಾದ ಒಬ್ಬರು ಮತ್ತು ತಾರೀಖು ಬರೆದ ಒಂದು ರಿಜಿಸ್ಟರ್, ಇವೆರಡಕ್ಕೆ ಹಣ ಬೇಡ. ರಿಜಿಸ್ಟರಿನಲ್ಲಿ ಹೆಸರು, ಒಪ್ಪಿಗೆಯ ಸಹಿ, ಮನೆಯ ಇಬ್ಬರ ಫೋನ್, ಮುಂದಿನ ಕರೆಯ ತಾರೀಖು, ಯಾರು ಮಾಡಬೇಕು, ಸಿಗದಿದ್ದರೆ ಏನು ಮಾಡಿದಿರಿ. ಕಾಯಿಲೆಯ ಹೆಸರು ಬರೆಯಬೇಡಿ, ಅದು ಆಸ್ಪತ್ರೆಯ ಗುಟ್ಟು, ಅದೇ 2017ರ ಕಾಯ್ದೆಯ ಕಲಂ 23 ಅದನ್ನು ಕಾಪಾಡುತ್ತದೆ. ಎರಡು ಸಲ ಫೋನ್ ಎತ್ತದಿದ್ದರೆ ಅದೇ ದಿನ ಮನೆಗೆ ಹೋಗಬೇಕು. ಇದನ್ನು ವಾಟ್ಸಾಪ್ ಗುಂಪಿನಲ್ಲಿ ಮಾತ್ರ ನಡೆಸಬೇಡಿ. ಒಬ್ಬರ ವಿಷಯ ಒಂದು ಸಲ ಗುಂಪಿಗೆ ಬಿದ್ದರೆ ಉಳಿದ ಯಾರೂ ಬಾಯಿ ಬಿಡುವುದಿಲ್ಲ.

ಮಾನ್ವಿ_ಹವಾಲ್ದಾರ್:

ಪಟ್ಟಿ ಬಗ್ಗೆ ಒಂದು ಸೇರಿಸ್ತೀನಿ. ಸೈನಿಕ ಕಲ್ಯಾಣ ಇಲಾಖೆ ಪಟ್ಟಿ ನಂಬಿ ಕುಂತ್ರ ಅರ್ಧ ಮಂದಿ ತಪ್ಪಿ ಹೋಗ್ತಾರ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರು ಅದರಾಗ ಬರಂಗಿಲ್ಲ, ಅವರಿಗೆ ಇಸಿಎಚ್‌ಎಸ್ಸೂ ಇಲ್ಲ. ಮುಂದ ಅಗ್ನಿವೀರರು. ಮೊದಲ ತಂಡದ ನಾಲ್ಕು ವರ್ಷ 2026ರ ಕೊನಿಗೆ ಮುಗಿಯಾಕ ಹತ್ತತದ. ಖಾಯಂ ಆಗೋರು ನೂರಕ್ಕ 25ರ ತನಕ, ಉಳಿದವರು ಪಿಂಚಣಿ ಇಲ್ಲದ, ಮಾಜಿ ಸೈನಿಕ ಅನ್ನೋ ಗುರುತೂ ಇಲ್ಲದ ಊರಿಗೆ ಬರ್ತಾರ. ಸಂಘದ ಸದಸ್ಯತ್ವಕ್ಕ ಏನೇ ನಿಯಮ ಇರಲಿ, ಈ ರಿಜಿಸ್ಟರ್‌ಗೆ ಸಮವಸ್ತ್ರ ಹಾಕಿದ ಎಲ್ಲರನ್ನೂ ತಗೋರಿ. ವರ್ಷಕ್ಕೊಮ್ಮೆ ಜೀವನ್ ಪ್ರಮಾಣ (ಬದುಕಿದ್ದೀನಿ ಅನ್ನೋ ದಾಖಲೆ) ಮಾಡಿಸಾಕ ಪಿಂಚಣಿದಾರರು ಬಂದೇ ಬರ್ತಾರ, ಅಲ್ಲೇ ಒಬ್ಬರು ಕುಂತು ನಿದ್ದಿ, ಕುಡಿತ, ಸಾಲ, ಹೊಲದ ತಕರಾರು ಕೇಳಬಹುದು. ಹೊಲದ ವ್ಯಾಜ್ಯ ಇದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಕಳಿಸ್ರಿ, ಅದು ಸಹಿತ ಈ ಕೆಲಸದಾಗೇ ಬರ್ತದ.

ಗಂಗಾವತಿ_ಸಂಘ:

ಕೊನೆಯದು. ಕಾರ್ಯದರ್ಶಿ ಬದಲಾದಾಗ ರಿಜಿಸ್ಟರ್ ಯಾರ ಬಳಿ?

ಡಿಎಂಎಚ್‌ಪಿ_ಬಳ್ಳಾರಿ:

ಕಾರ್ಯದರ್ಶಿಗೆ ಕೊಡಲೇಬೇಡಿ. ಚುನಾವಣೆಗೆ ನಿಲ್ಲದ ಒಬ್ಬರಿಗೆ ಕೊಡಿ, ಅವರು ಊರಲ್ಲಿ ಇಲ್ಲದಾಗ ನೋಡಲು ಇನ್ನೊಬ್ಬರು. ಎರಡೂ ಹೆಸರು, ಫೋನ್ ಸಂಖ್ಯೆಯನ್ನು ಡಿಎಂಎಚ್‌ಪಿಗೆ, ತಾಲ್ಲೂಕು ಆಸ್ಪತ್ರೆ ತುರ್ತು ವಿಭಾಗಕ್ಕೆ, ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಪತ್ರದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಸಭೆಯ ನಡಾವಳಿಯಲ್ಲಿ ಒಂದು ಸಾಲು ಬರೆಸಿಬಿಟ್ಟರೆ ಅಧಿಕಾರಿ ವರ್ಗವಾದರೂ ಅದು ಕಾಗದದಲ್ಲಿ ಇರುತ್ತದೆ.