ಅಪ್‌ಡೇಟ್: ಮಿಗ್ ಮೆಷಿನ್ ವೈರ್ ಫೀಡ್ ಸರಿಯಾಯ್ತು

ಹಿಂದೆ ಕೇಳಿದ್ದೆ ಅಲ್ವಾ, ನನ್ನ ಹಳೇ ಸಣ್ಣ ಮಿಗ್ ವೆಲ್ಡರ್‌ನಲ್ಲಿ (ಗನ್ನಿನಿಂದ ವೈರ್ ತಾನಾಗಿ ಬರ್ತಾ ಇರುವ ವೆಲ್ಡಿಂಗ್ ಮೆಷಿನ್) ವೈರ್ ತಡೆದು ತಡೆದು ಬರ್ತದೆ, ಒಮ್ಮೊಮ್ಮೆ ವೈರ್ ದೂಡುವ ರೋಲರ್ ಹತ್ರವೇ ಗಂಟು ಕಟ್ಟಿ ನಿಲ್ತದೆ ಅಂತ, ಅದು ಸರಿಯಾಯ್ತು ಮಾರಾಯ್ರೆ. ಹೇಳಿಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ರೋಲರ್ ಟೈಟ್ ಮಾಡಿ ಅಂದವರೂ ಇದ್ರು, ಮೊದಲು ಲೈನರ್ (ಗನ್ ಕೇಬಲ್ ಒಳಗೆ ವೈರ್ ಹೋಗುವ ಕೊಳವೆ) ನೋಡಿ ಅಂದವರೂ ಇದ್ರು, ಎರಡನೆಯದ್ದೇ ಸರಿ. ಗನ್ನಿನ ತುದಿಯಲ್ಲಿ ವೈರ್ ಹೊರಗೆ ಬರುವ ಟಿಪ್ ತೆಗೆದು ರೋಲರ್ ಲೂಸ್ ಮಾಡಿ ಗನ್ ಕೇಬಲ್ ನೆಲದಲ್ಲಿ ನೇರ ಹಾಕಿ ವೈರ್ ಕೈಯಲ್ಲಿ ಎಳೆದ್ರೆ ಸಲೀಸಾಗಿ ಬರ್ಬೇಕು, ನಂದು ಕರಕರ ಅಂತ ಹಿಡೀತಿತ್ತು. ಲೈನರ್ ಹೊರಗೆ ತೆಗೆದು ತಟ್ಟಿದ್ರೆ ಕೆಂಪು ತುಕ್ಕಿನ ಪುಡಿ ಉದುರಿತು! ನಮ್ಮ ಮಲ್ಪೆ ಕಡೆ ಉಪ್ಪು ಗಾಳಿ, ಅದರ ಮೇಲೆ ಮಳೆಗಾಲ, ವೈರ್ ಮೆಷಿನಲ್ಲೇ ಉಳಿದ್ರೆ ವೈರ್ ಸುರುಳಿಯ ಮೇಲಿನ ಸುತ್ತುಗಳಿಗೆ ತುಕ್ಕು ಹಿಡಿದು ಅದೇ ಪುಡಿ ಒಳಗೆ ಹೋಗಿ ಕೂರ್ತದೆ.

ಮಂಗಳೂರು ಬಂದರಿನ ಅಂಗಡಿಯಲ್ಲಿ 0.8 ಎಂಎಂ ವೈರಿಗೆ ಆಗುವ ಲೈನರ್ ಸಿಕ್ತು, ಹಳೆಯದರ ಉದ್ದಕ್ಕೇ ಕಟ್ ಮಾಡಿ ತುದಿಯ ಚೂಪನ್ನು ಅರದಲ್ಲಿ ಉಜ್ಜಿ ಹಾಕಿದೆ. ಟಿಪ್ಪಿನ ತೂತು ಸವೆದು ಉದ್ದ ಆಗಿತ್ತು, ಅದೂ ಹೊಸತು. ಆಮೇಲೆ ರೋಲರ್ ಪೂರ್ತಿ ಸಡಿಲ ಮಾಡಿ, ವೈರ್ ಜಾರದಷ್ಟಕ್ಕೆ ಮಾತ್ರ ಸ್ವಲ್ಪ ಸ್ವಲ್ಪ ತಿರುಗಿಸಿದೆ. ಜಾಸ್ತಿ ಟೈಟ್ ಇದ್ರೆ ಎಲ್ಲಾದರೂ ಸಿಕ್ಕಿದಾಗ ರೋಲರ್ ಜಾರುವುದಿಲ್ಲ, ವೈರನ್ನು ದೂಡಿ ದೂಡಿ ಗಂಟು ಮಾಡ್ತದೆ.

ಈಗ ಒಂದೇ ಸಮ ಚರ್ರ್ ಅಂತ ಸೌಂಡ್, ಬೀಡ್ (ವೆಲ್ಡ್ ಮಾಡಿದ ಗೆರೆ) ಕೂಡ ಚಂದ ಬರ್ತಾ ಉಂಟು. ಇನ್ನು ಕೆಲಸ ಮುಗಿದ ಕೂಡ್ಲೇ ವೈರ್ ತೆಗೆದು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡ್ತೇನೆ. ಮತ್ತೆ ಲೈನರಿಗೆ ಎಣ್ಣೆ ಮಾತ್ರ ಬಿಡ್ಬೇಡಿ, ವೆಲ್ಡಲ್ಲಿ ಸಣ್ಣ ಸಣ್ಣ ತೂತು ಬೀಳ್ತದೆ.