ಒಂದೇ ವರ್ಷದಲ್ಲಿ ಎರಡು ಸಲ ಇನ್ವರ್ಟರ್ ಸುಟ್ಟಿದೆ

ಸಿಂಧನೂರು ಹುಡುಗ:
ಮೊನ್ನೆ ಗಾಳಿ ಮಳೆ ಬಂತಲ್ವಾ, ಆಗ ಲೈಟು ಒಮ್ಮೆಲೇ ಝಗ್ ಅಂತ ಹೊಳೆದವು, ಫ್ಯಾನು ಜೋರಾಗಿ ತಿರುಗಿತು, ಆಮೇಲೆ ಇನ್ವರ್ಟರ್‌ನಿಂದ ಸುಟ್ಟ ವಾಸನೆ. ಅಂಗಡಿಯವರು ಸ್ಟೆಬಿಲೈಸರ್ ಹಾಕಿ ಅಂತಾರೆ. ಎಂಸಿಬಿ, ಅಂದ್ರೆ ತಾನೇ ಬೀಳುವ ಸ್ವಿಚ್, ಇತ್ತು, ಅದ್ಯಾಕೆ ಬೀಳಲಿಲ್ಲ?

ರಾಯಚೂರು ವೈರ್‌ಮನ್:
ಎಂಸಿಬಿ ನೋಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ ತಮ್ಮಾ. ಇದು ನ್ಯೂಟ್ರಲ್, ಅಂದ್ರೆ ಕರೆಂಟು ವಾಪಸ್ ಹೋಗುವ ತಂತಿ, ಕಿತ್ತ ಹಾಗಿದೆ. ಕಂಬದಲ್ಲಿ ಮೂರು ಫೇಸಿಗೂ ಒಂದೇ ನ್ಯೂಟ್ರಲ್, ಅದು ಕಿತ್ತರೆ 230 ವೋಲ್ಟ್ ಬರಬೇಕಾದ ಮನೆಗೆ 300, 350, ಕೆಟ್ಟರೆ 400ರ ಹತ್ತಿರ ಬರುತ್ತದೆ, ಬೇರೆ ಫೇಸಿನ ಮನೆಯಲ್ಲಿ ಅದೇ ಹೊತ್ತಿಗೆ ಲೈಟು ಮಂಕಾಗಿರುತ್ತದೆ, ಕೇಳಿ ನೋಡು. ಅಷ್ಟು ವೋಲ್ಟೇಜಿಗೆ ಸಾದಾ ಸ್ಟೆಬಿಲೈಸರೇ ಮೊದಲು ಹೋಗುತ್ತದೆ. ಮೇನ್ ಎಂಸಿಬಿ ಆದಮೇಲೆ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಕೂರಿಸು, 270ಕ್ಕೆ ಕಟ್ ಆಗಲಿ. ಸಿಡಿಲಿಗೆ ಎಸ್‌ಪಿಡಿ, ಅಂದ್ರೆ ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ, ಬೇರೆ ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಸುಮ್ನೆ ಗೋಡೆ ಮೇಲಿನ ಡಬ್ಬಿ ಅಷ್ಟೇ.

ಗಂಗಾವತಿ ಅಕ್ಕ:
ನಮ್ಮನೆ ಕತೆ ಬೇರೆ. ಹೊಸ ರೂಮಿಗೆ ವೈರಿಂಗ್ ಮಾಡಿದವ ಇನ್ವರ್ಟರ್ ಲೈನನ್ನು ಮೇನ್ ಲೈನಿಗೆ ಸೇರಿಸಿಬಿಟ್ಟಿದ್ದ. ಕರೆಂಟು ವಾಪಸ್ ಬಂದ ತಕ್ಷಣ ಟಪ್! ಆ ರೂಮಿಗೆ ಅಂತ ಮಾಡಿಸಿದ ಖರ್ಚಿಗಿಂತ ಇದೇ ಜಾಸ್ತಿ ಆಯಿತು.

ಸಿಂಧನೂರು ಹುಡುಗ:
ಹೌದಣ್ಣಾ, ಎದುರು ಮನೆ ಕಾಕಾ ಅವರಲ್ಲಿ ಮಂಕಾಗಿತ್ತಂತೆ! ವಿದ್ಯುತ್ ಸಹಾಯವಾಣಿ 1912ಕ್ಕೆ ಕಂಪ್ಲೇಂಟ್ ಕೊಟ್ಟೆ. ಬ್ಯಾಟರಿ ಕಡೆಗೂ ಎಂಸಿಬಿ ಹಾಕಲಾ?

ರಾಯಚೂರು ವೈರ್‌ಮನ್:
ಮನೆ ಲೈನಿಗೆ ಹಾಕುವ ಎಸಿ ಎಂಸಿಬಿ ಅಲ್ಲಿಗೆ ಬೇಡ. ಬ್ಯಾಟರಿಯದ್ದು ಡಿಸಿ ಕರೆಂಟು, ಅದರ ಕಿಡಿ ಸುಲಭಕ್ಕೆ ಆರುವುದಿಲ್ಲ. ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಡಿಸಿ ಫ್ಯೂಸ್ ಹಾಕಿಸು.