ಚಕಮಕಿ ಬಂದೂಕಿನ ಕಿಡಿ ಮಂಕಾದರೆ: ಕಲ್ಲನ್ನು ಹೇಗೆ ಕೂರಿಸಬೇಕು?

ಪ್ರಶ್ನೆ: ನಮಸ್ಕಾರ ಸರ್. ಗುರಿ ಅಭ್ಯಾಸಕ್ಕೆಂದು ಚಕಮಕಿ ರೈಫಲ್ ಬಳಸುತ್ತೇನೆ. ಹೊಸ ಕಲ್ಲು ಹಾಕಿದರೆ ನಾಲ್ಕೈದು ಗುಂಡು ಚೆನ್ನಾಗಿ ಹಾರುತ್ತವೆ. ಆಮೇಲೆ ಕುದುರೆ (ಕಲ್ಲನ್ನು ಕಚ್ಚಿ ಹಿಡಿದು ಬಡಿಯುವ ಭಾಗ) ಬಿದ್ದರೂ ಒಂದೆರಡು ಕೆಂಪು ಕಿಡಿ ಕಾಣುತ್ತವೆಯೇ ಹೊರತು ರಂಜಕ (ಬಟ್ಟಲಿನಲ್ಲಿ ಹಾಕುವ ಕಿಡಿಮದ್ದು) ಹೊತ್ತಿಕೊಳ್ಳುವುದಿಲ್ಲ. ಕಳೆದ ಸಲ ಒಂದೇ ದಿನ ಮೂರು ಕಲ್ಲು ಬದಲಿಸಿದೆ. ಕಲ್ಲೇ ಕಳಪೆಯೇ?

ಉತ್ತರ: ನಮಸ್ಕಾರ. ನನ್ನ ಬಳಿ ದುರಸ್ತಿಗೆ ಬರುವ ಇಂಥ ಬಂದೂಕುಗಳಲ್ಲಿ ಬಹುಪಾಲು ಕಲ್ಲಿನ ತಪ್ಪಿರುವುದಿಲ್ಲ, ಅದನ್ನು ಕೂರಿಸಿದ ರೀತಿಯಲ್ಲಿ ತಪ್ಪಿರುತ್ತದೆ. ಕಿಡಿ ಕಲ್ಲಿನಿಂದ ಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕಲ್ಲಿನ ಹರಿತವಾದ ಅಂಚು ಎದುರಿನ ಉಕ್ಕಿನ ಫಲಕವನ್ನು, ಅಂದರೆ ಫ್ರಿಜನ್ ಅನ್ನು, ಹೆರೆಯುತ್ತದೆ. ಹಾಗೆ ಹೆರೆದ ಉಕ್ಕಿನ ಚೂರುಗಳೇ ಗಾಳಿಯಲ್ಲಿ ಉರಿದು ಕಿಡಿಯಾಗುತ್ತವೆ. ಆದ್ದರಿಂದ ಕಲ್ಲು ಉಕ್ಕನ್ನು ಗುದ್ದಬಾರದು, ಕೆರೆಯಬೇಕು.

ಕೆಲಸ ಶುರುಮಾಡುವ ಮೊದಲು ಬಂದೂಕು ಖಾಲಿ ಇದೆಯೇ ಎಂದು ನೋಡಿ. ನೋಡಿದ್ದೇನೆ ಎಂಬ ನೆನಪನ್ನು ನಂಬಬೇಡಿ. ಗಜವನ್ನು, ಅಂದರೆ ಮದ್ದು ತುಂಬುವ ಸಲಾಕೆಯನ್ನು, ನಳಿಗೆಯ ತಳದವರೆಗೆ ಇಳಿಸಿ ಖಚಿತಪಡಿಸಿಕೊಳ್ಳಿ. ರಂಜಕದ ಬಟ್ಟಲನ್ನು ಒರೆಸಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಏಕೆಂದರೆ ಕಲ್ಲಿನ ಚಕ್ಕೆ ಗಾಜಿನ ಚೂರಿನಷ್ಟೇ ಹರಿತ.

ಈಗ ಕುದುರೆಯ ದವಡೆಗಳ ನಡುವೆ ತೆಳುವಾದ ಚರ್ಮದ ತುಂಡನ್ನು ಮಡಚಿ, ಅದರೊಳಗೆ ಕಲ್ಲನ್ನು ಇಡಿ. ಚರ್ಮದ ಒರಟು ಮೈ ಕಲ್ಲಿನ ಕಡೆಗಿರಲಿ. ದವಡೆಯ ಸ್ಕ್ರೂ ಹಾದುಹೋಗಲು ಮಡಿಕೆಯಲ್ಲಿ ಒಂದು ತೂತು ಮಾಡಿದರೆ ಕಲ್ಲು ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಫ್ರಿಜನ್ ಮುಚ್ಚಿ. ಆಗ ಕಲ್ಲಿನ ಅಂಚು ಉಕ್ಕಿಗೆ ತಾಗದೆ, ಒಂದೆರಡು ಮಿಲಿಮೀಟರ್ ದೂರದಲ್ಲಿ ನಿಲ್ಲಬೇಕು. ಮೇಲಿನಿಂದ ಬಗ್ಗಿ ನೋಡಿ: ಅಂಚು ಉಕ್ಕಿನ ಮುಖಕ್ಕೆ ಸಮಾನಾಂತರವಾಗಿದೆಯೇ? ಹೆಚ್ಚಿನ ತೊಂದರೆ ಇಲ್ಲೇ. ಅಂಚು ಓರೆಯಾಗಿದ್ದರೆ ಒಂದು ಮೂಲೆ ಮಾತ್ರ ಉಕ್ಕಿಗೆ ತಾಗಿ, ನಾಲ್ಕೇ ಏಟಿಗೆ ಮುರಿದುಹೋಗುತ್ತದೆ. ನಿಮ್ಮ ಮೂರು ಕಲ್ಲುಗಳ ಗತಿಯೂ ಇದೇ ಆಗಿರಬೇಕು. ಅವನ್ನು ಬಿಸಾಡಬೇಡಿ.

ಇನ್ನು ಸ್ಕ್ರೂವನ್ನು ಸ್ವಲ್ಪ ಬಿಗಿ ಮಾಡಿ, ಕುದುರೆಯನ್ನು ಹೆಬ್ಬೆರಳಿನಿಂದ ತಡೆದುಕೊಂಡು ನಿಧಾನವಾಗಿ ಕೆಳಗಿಳಿಸಿ. ಕಲ್ಲು ಫ್ರಿಜನ್‌ನ ಎತ್ತರದಲ್ಲಿ ಮೂರನೆಯ ಎರಡರಷ್ಟು ಮೇಲೆ ತಾಗಿ, ಅಲ್ಲಿಂದ ಕೆಳಕ್ಕೆ ಕೆರೆಯುತ್ತ ಬರಬೇಕು. ಫ್ರಿಜನ್ ತೆರೆದು ಕುದುರೆ ಪೂರ್ತಿ ಕೆಳಗಿಳಿದಾಗ ಕಲ್ಲಿನ ಮೂತಿ ಬಟ್ಟಲಿನ ಕಡೆಗೆ ತಿರುಗಿರಬೇಕು. ನಳಿಗೆಗೆ ಎಲ್ಲೂ ಉಜ್ಜಬಾರದು. ಏಟು ತೀರಾ ಮೇಲೆ ಬೀಳುತ್ತಿದ್ದರೆ ಕಲ್ಲಿನ ಇಳಿಜಾರು ಮೈಯನ್ನು ಮೇಲೆ ಮಾಡಿ, ಅಂಚು ಕೆಳಗಿಳಿಯುತ್ತದೆ. ಏಟು ತೀರಾ ಕೆಳಗಿದ್ದರೆ ಕಲ್ಲನ್ನು ಮಗುಚಿ. ಯಾವುದು ಸರಿ ಎಂಬ ವಾದಕ್ಕೆ ಕೊನೆಯಿಲ್ಲ. ನಿಮ್ಮ ಬಂದೂಕಿನಲ್ಲಿ ಯಾವುದು ಕಿಡಿ ಕೊಡುತ್ತದೋ ಅದೇ ಸರಿ.

ಇಷ್ಟಾದ ಮೇಲೆ ಗಟ್ಟಿಯಾಗಿ ಬಿಗಿ ಮಾಡಿ. ಚರ್ಮ ಏಟಿಗೆ ಅದುಮಿಕೊಳ್ಳುವುದರಿಂದ ಮೊದಲ ಕೆಲವು ಗುಂಡುಗಳ ನಂತರ ಮತ್ತೊಮ್ಮೆ ಬಿಗಿ ಮಾಡಲು ಮರೆಯಬೇಡಿ.

ಮರುಪ್ರಶ್ನೆ: ತುಂಬಾ ಧನ್ಯವಾದ ಸರ್. ನೀವು ಹೇಳಿದಂತೆ ನೋಡಿದೆ, ಕಲ್ಲು ಓರೆಯಾಗಿಯೇ ಇತ್ತು. ಹಳೆಯ ಕಲ್ಲುಗಳ ಅಂಚು ಮೊಂಡಾಗಿದೆ, ಅರದಿಂದ ಉಜ್ಜಬಹುದೇ? ಚರ್ಮದ ಬದಲು ಸೀಸದ ಹಾಳೆ ಒಳ್ಳೆಯದು ಎಂದು ಒಬ್ಬರು ಹೇಳಿದರು.

ಉತ್ತರ: ಅರದಿಂದ ಬೇಡ. ಈ ಕಲ್ಲು ಉಕ್ಕಿನ ಅರವನ್ನೇ ಸವೆಸುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಕಲ್ಲಿನ ಅಂಚು ಚಕ್ಕೆ ಎದ್ದರೆ ಮಾತ್ರ ಹರಿತವಾಗುತ್ತದೆ. ಕುದುರೆ ಕೆಳಗಿಳಿದು ಫ್ರಿಜನ್ ತೆರೆದಿರುವಾಗ, ಮೊಂಡಾದ ಅಂಚಿನ ಮೇಲೆ ತಾಮ್ರದ ಅಥವಾ ಹಿತ್ತಾಳೆಯ ಕಡ್ಡಿಯ ತುದಿಯಿಟ್ಟು ಕೆಳಮುಖವಾಗಿ ಒತ್ತಿ. ಸಣ್ಣ ಚಕ್ಕೆಗಳು ಅಡಿಯಿಂದ ಉದುರುತ್ತವೆ. ಅಂಚಿನ ಉದ್ದಕ್ಕೂ ಹೀಗೆ ಮಾಡುತ್ತ ಬನ್ನಿ. ಕೈ ಪಳಗಲು ಆ ಮೂರು ಕಲ್ಲುಗಳೇ ಸಾಕು.

ಸೀಸದ ವಿಷಯ: ಸೈನ್ಯದ ದೊಡ್ಡ ಮಸ್ಕೆಟ್‌ಗಳಲ್ಲಿ (ಹಳೆಯ ಕಾಲದ ಸೈನಿಕರ ಉದ್ದ ಬಂದೂಕುಗಳಲ್ಲಿ) ಸೀಸವನ್ನು ಬಳಸುತ್ತಿದ್ದುದು ನಿಜ. ಅವುಗಳ ಕುದುರೆಯೂ ಸ್ಪ್ರಿಂಗೂ ಭಾರವಾದವು. ರೈಫಲ್‌ನ ಸಣ್ಣ ಕುದುರೆಗೆ ಸೀಸ ತೂಕ ಕೂಡಿಸುತ್ತದೆ, ಏಟನ್ನು ಹೀರಿಕೊಳ್ಳುವುದೂ ಕಡಿಮೆ. ನಾನಾದರೆ ಚರ್ಮವನ್ನೇ ಹಾಕುತ್ತೇನೆ.

ಮರುಪ್ರಶ್ನೆ: ಕಲ್ಲು ಸರಿ ಕೂರಿಸಿದ ಮೇಲೂ ಕಿಡಿ ಕೆಂಪಾಗಿಯೇ ಇದ್ದರೆ?

ಉತ್ತರ: ಮೊದಲು ಫ್ರಿಜನ್ ಮುಖವನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಎಣ್ಣೆಯ ಪಸೆಯಿದ್ದರೂ ಕಿಡಿ ಸಾಯುತ್ತದೆ. ಆಮೇಲೆ ಖಾಲಿ ಬಂದೂಕಿನಲ್ಲಿ, ಕತ್ತಲೆ ಕೋಣೆಯಲ್ಲಿ ಒಮ್ಮೆ ಕುದುರೆ ಬೀಳಿಸಿ ನೋಡಿ. ಬಿಳಿ ಕಿಡಿಗಳು ಬಟ್ಟಲಿಗೆ ಸುರಿದರೆ ಚಿಂತೆಯಿಲ್ಲ. ಫಲಕದ ಮೇಲೆ ಆಳವಾದ ಗೀರುಗಳು ಮೂಡಿದ್ದರೆ ಉಕ್ಕು ಮೆತ್ತಗಾಗಿದೆ, ಮತ್ತೆ ಕಾಯಿಸಿ ಹದ ಹಾಕಬೇಕು. ಕಲ್ಲು ಗೀರೇ ಮೂಡಿಸದೆ ಜಾರಿದರೆ ಹದ ಅತಿಯಾಗಿದೆ. ಎರಡೂ ಕುಲುಮೆಯ ಕೆಲಸ. ಮನೆಯಲ್ಲಿ ಫಲಕವನ್ನು ಉಜ್ಜಿ ನುಣುಪು ಮಾಡಲು ಹೋಗಬೇಡಿ. ಎಷ್ಟೋ ಫಲಕಗಳಲ್ಲಿ ಗಟ್ಟಿಯಾಗಿರುವುದು ಮೇಲಿನ ತೆಳು ಪದರ ಮಾತ್ರ. ಫಲಕವನ್ನು ಬಿಚ್ಚಿ, ಪರವಾನಗಿ ಇರುವ ಬಂದೂಕು ಕುಶಲಕರ್ಮಿಯ ಕೈಗೆ ಕೊಡಿ.